ಒಳಗಿನ ಕುರ್ಚಿ

ಆರ್ಕೆಸ್ಟ್ರಾ ಕಟ್ಟಡದ ಬಚ್ಚಲಿನಲ್ಲಿ, ನಲ್ಲಿಗೆ ಬಿಸಿನೀರು ಬರುವುದನ್ನೇ ಕಾಯುತ್ತ ಅವಳು ಕನ್ನಡಿಯ ಕಡೆ ನೋಡದೆ ನಿಂತಿದ್ದಳು. ಬೆರಳುಗಳು ತಣ್ಣಗಾಗಿದ್ದವು, ಅದರಲ್ಲೂ ತಂತಿ ಒತ್ತುವ ಎಡಗೈಯವು. ಮನೆಯ ಬಾಗಿಲು ಹಾಕಿಕೊಂಡು ಬಂದೆನೋ ಇಲ್ಲವೋ ಎಂಬ ಅನುಮಾನ ದಾರಿಯುದ್ದಕ್ಕೂ ಕಾಡಿತ್ತು. ಅಮ್ಮ ಒಳಗೇ ಇರುವಾಗ ಬಾಗಿಲಿನ ಚಿಂತೆ ಯಾಕೆ ಎಂದು ಈಗ ಹೊಳೆದು ಸಮಾಧಾನವಾಗಬೇಕಿತ್ತು. ಆದರೆ ಅವಳ ಅನುಮಾನ ಹಟಮಾರಿ ಬಾಡಿಗೆದಾರನಂಥದು, ಒಂದು ಕೋಣೆ ಬಿಡಿಸಿದರೆ ಇನ್ನೊಂದರಲ್ಲಿ ಹಾಸಿಗೆ ಬಿಚ್ಚಿಕೊಂಡು ಕೂರುತ್ತಿತ್ತು. ಅಮ್ಮನಿಗೆ ಏನೆಂದು ಹೇಳಿ ಬಂದೆ? ರಿಹರ್ಸಲ್ ಎಂದು ಸುಳ್ಳು ಹೇಳಬೇಕೆಂದುಕೊಂಡು ಹೊರಟವಳು, ಚಪ್ಪಲಿ ಮೆಟ್ಟುವ ಹೊತ್ತಿಗೆ ನಿಜವನ್ನೇ ಹೇಳಿಬಿಟ್ಟಿದ್ದಳು.

‘ಪರೀಕ್ಷೆಯಾ?’ ಅಮ್ಮ ಒಗೆದ ಬಟ್ಟೆ ಮಡಚುವುದನ್ನು ನಿಲ್ಲಿಸಿರಲಿಲ್ಲ. ‘ಈ ವಯಸ್ಸಲ್ಲಿ ಎಂಥ ಪರೀಕ್ಷೆನೇ ನಿಂಗೆ?’

‘ಆರ್ಕೆಸ್ಟ್ರಾದಲ್ಲಿ ಯಜಮಾನರು ರಿಟೈರ್ ಆಗ್ತಿದಾರಲ್ಲಮ್ಮ. ಅವರ ಕುರ್ಚಿಗೆ.’

‘ಅವರ ಪಕ್ಕದಲ್ಲೇ ತಾನೆ ಇಷ್ಟು ವರ್ಷ ಕೂತಿದ್ದು? ಬಸ್ಸಲ್ಲಿ ಕಿಟಕಿ ಪಕ್ಕದೋರು ಇಳಿದ್ರೆ ನಾವು ಸರಿದು ಕೂರಲ್ವಾ, ಹಾಗೆ ಕೂತ್ಕೋ. ಅದಕ್ಕೂ ಪರೀಕ್ಷೆಯಂತೆ!’

ಅಮ್ಮ ಹೇಳಿದ್ದರಲ್ಲಿ ತಪ್ಪೇನಿದೆ ಎಂದು ಅವಳಿಗೂ ಅನಿಸಿತ್ತು. ಸರಿಯಬೇಕಾದದ್ದು ಒಂದೇ ಕುರ್ಚಿಯಷ್ಟು ದೂರ. ಆರ್ಕೆಸ್ಟ್ರಾದಲ್ಲಿ ಚೆಲ್ಲೋ ಎಂಬ ದೊಡ್ಡ ಪಿಟೀಲನ್ನು ಕಾಲುಗಳ ನಡುವೆ ನಿಲ್ಲಿಸಿ ಕಮಾನಿನಿಂದ ನುಡಿಸುವವರು ಇಬ್ಬಿಬ್ಬರು ಸ್ವರದ ಹಾಳೆಯ ಒಂದು ಸ್ಟ್ಯಾಂಡಿಗೆ ಕೂರುತ್ತಾರೆ. ಸಭೆಯ ಕಡೆಗಿರುವವರು ಹೊರಗಿನವರು, ಇನ್ನೊಬ್ಬರು ಒಳಗಿನವರು. ಸ್ವರಗಳ ಹಾಳೆ ಮುಗಿಯುವಲ್ಲಿ ಒಳಗಿನವರು ನುಡಿಸುವುದನ್ನು ನಿಲ್ಲಿಸಿ ಪುಟ ತಿರುಗಿಸಬೇಕು, ಹೊರಗಿನವರು ಏನೂ ಆಗಿಲ್ಲವೆಂಬಂತೆ ನುಡಿಸುತ್ತಲೇ ಇರಬೇಕು. ಮೊದಲ ಸ್ಟ್ಯಾಂಡಿನ ಹೊರಗಿನ ಕುರ್ಚಿ ಇಡೀ ಚೆಲ್ಲೋ ಸಾಲಿನ ಮುಖಂಡರದು, ಒಂಟಿಯಾಗಿ ನುಡಿಸಬೇಕಾದ ತುಣುಕುಗಳೆಲ್ಲ ಅವರವು. ಸಾಲಿನವರೆಲ್ಲ ಹಿಂದಿನಿಂದ ಯಜಮಾನರು ಎಂದು ಕರೆಯುವ ಅವರ ಒಳಮಗ್ಗುಲಲ್ಲಿ ಕೂತು ಅವಳು ಪುಟ ತಿರುಗಿಸುತ್ತ ಬಂದಿದ್ದಳು. ಸೇರಿದ ಹೊಸತರಲ್ಲಿ ಅಮ್ಮ ಒಂದು ಕಛೇರಿಗೆ ಬಂದಿದ್ದಳು. ಮನೆಗೆ ಹೋಗುವ ದಾರಿಯಲ್ಲಿ, ‘ಎಲ್ಲರೂ ಅಷ್ಟು ಚೆಂದ ನುಡಿಸ್ತಿರುವಾಗ ನೀನೊಬ್ಬಳೇ ಯಾಕೆ ನಡುನಡುವೆ ಬಿಟ್ಟು ಕಾಗದ ಎಳೀತೀಯ? ಅವರಿಗೇನು ಕೈ ಇಲ್ವಾ?’ ಎಂದು ಕೇಳಿದ್ದಳು. ಅವಳು ನಕ್ಕಿದ್ದಳು. ಆ ನಗು ಈಗಲೂ ಗಂಟಲಲ್ಲಿ ಎಲ್ಲೋ ಮೀನಿನ ಮುಳ್ಳಿನಂತೆ ಉಳಿದಿದೆ.

ನೀರು ಬೆಚ್ಚಗಾಗಿ, ಬಿಸಿಯಾಗಿ, ಸುಡತೊಡಗಿದ ಮೇಲೆ ಅವಳಿಗೆ ಎಚ್ಚರವಾಯಿತು. ಕೈ ಕೆಂಪಗಾಗಿತ್ತು. ಒರೆಸಿಕೊಂಡು ಹೊರಗೆ ಬಂದಳು. ಉದ್ದನೆಯ ಕಾರಿಡಾರಿನಲ್ಲಿ ಇವತ್ತು ದಪ್ಪ ಕಂಬಳಿ ಹಾಸಿದ್ದರು. ಪರದೆಯ ಆಚೆ ಕೂತ ಆಯ್ಕೆಯವರಿಗೆ ನಡೆದು ಬರುತ್ತಿರುವವರ ಹೆಜ್ಜೆ ಕೇಳಬಾರದು. ಚಪ್ಪಲಿಯ ಸಪ್ಪಳದಿಂದ ಹೆಂಗಸೋ ಗಂಡಸೋ ತಿಳಿಯಬಾರದು. ಒಳಗೆ ಹೋದವರು ಮಾತಾಡಬಾರದು, ಕೆಮ್ಮಬಾರದು. ಏನಾದರೂ ಕೇಳಬೇಕಿದ್ದರೆ ಜೊತೆಯಲ್ಲಿ ಬರುವ ಆಫೀಸಿನ ಹೆಂಗಸಿನ ಕಿವಿಯಲ್ಲಿ ಪಿಸುಗುಟ್ಟಬೇಕು, ಆಕೆ ಅದನ್ನು ಗಟ್ಟಿಯಾಗಿ ಹೇಳುತ್ತಾಳೆ. ಹೆಸರಿಲ್ಲ, ನಂಬರು ಮಾತ್ರ. ಅವಳದು ಐದು. ಚೀಟಿ ಕೊಡುವಾಗ ಆ ಹೆಂಗಸು, ದಿನಾ ಕ್ಯಾಂಟೀನಿನಲ್ಲಿ ಎದುರಿಗೇ ಕೂತು ಊಟ ಮಾಡುವವಳು, ಅಪರಿಚಿತಳ ಮುಖ ಮಾಡಿಕೊಂಡು, ‘ಐದನೇ ನಂಬರು, ಕೊನೇ ಕೋಣೆ’ ಎಂದಳು. ಕಣ್ಣು ಮಿಟುಕಿಸಿದಳೋ, ಕಣ್ಣಿಗೆ ಏನಾದರೂ ಬಿದ್ದಿತ್ತೋ ಗೊತ್ತಾಗಲಿಲ್ಲ.

ಕುರ್ಚಿ ಬೇಕಾಗಿತ್ತೇ? ಬೇಕಾಗಿತ್ತು. ಆದರೆ ಅದಕ್ಕಿಂತ ಹೆಚ್ಚಾಗಿ ಅವಳಿಗೆ ಬೇಕಾಗಿದ್ದದ್ದು ಆ ಪರದೆ. ಒಳಗಿನ ಕುರ್ಚಿಯವಳು, ಪಾಪದವಳು, ರಜೆ ಕೇಳದವಳು, ಯಾರಿಗಾದರೂ ಕಮಾನಿಗೆ ತಿಕ್ಕುವ ರಾಳ ಮರೆತುಹೋದರೆ ಚೀಲದಿಂದ ತೆಗೆದು ಕೊಡುವವಳು, ಇಷ್ಟೆಲ್ಲ ಗೊತ್ತಿಲ್ಲದ ಕಿವಿಯ ಮುಂದೆ ಒಂದು ಸಲ ನುಡಿಸಿ, ಅದು ಹೇಗೆ ಕೇಳುತ್ತದೆ ಎಂದು ತಿಳಿಯಬೇಕಿತ್ತು. ಪರದೆಯ ಆಚೆ ಯಜಮಾನರೂ ಇರುತ್ತಾರೆ, ಅವರಿಗೂ ಒಂದು ಓಟಿದೆ, ಎಂದು ತಿಳಿದಾಗ ಒಂದು ವಾರ ನಿದ್ದೆ ಬಂದಿರಲಿಲ್ಲ. ಅವರಿಗೆ ಗೊತ್ತಾಗಿಯೇ ಆಗುತ್ತದೆ. ಅವರ ಮೊಣಕೈಯಿಂದ ಒಂದು ಮೊಳ ದೂರದಲ್ಲಿ ಅಷ್ಟು ವರ್ಷ ನುಡಿಸಿದ ಕೈ. ಗೊತ್ತಾಗಲಿ ಎಂಬ ಆಸೆಯೂ ಗೊತ್ತಾಗದಿರಲಿ ಎಂಬ ಆಸೆಯೂ ಒಂದೇ ಉಸಿರಿನಲ್ಲಿ ಬರುತ್ತಿದ್ದವು.

ಕೊನೆಯ ಕೋಣೆಯಲ್ಲಿ ಚೆಲ್ಲೋವನ್ನು ಪೆಟ್ಟಿಗೆಯಿಂದ ತೆಗೆದು, ಅದರ ಕಬ್ಬಿಣದ ಕಾಲನ್ನು ಎಳೆದು ತಿರುಪು ಬಿಗಿಮಾಡಿ ಕೂತಳು. ಪಕ್ಕದ ಕೋಣೆಯಲ್ಲಿ ಯಾರೋ ನುಡಿಸುತ್ತಿದ್ದರು. ಯಾರೋ ಅಲ್ಲ, ಕಡ್ಡಿ. ಕೊನೆಯ ಸ್ಟ್ಯಾಂಡಿನಲ್ಲಿ ಕೂರುವ ಹುಡುಗಿ. ತನಗಿಂತ ದಪ್ಪದ ಚೆಲ್ಲೋ ಪೆಟ್ಟಿಗೆ ಹೊತ್ತು ಮೊದಲ ದಿನ ಬಾಗಿಲಲ್ಲಿ ಸಿಕ್ಕಿಹಾಕಿಕೊಂಡಾಗ ಯಜಮಾನರೇ ಇಟ್ಟ ಹೆಸರು. ಆರ್ಕೆಸ್ಟ್ರಾ ಸೇರುವ ಮೊದಲು ಅವಳ ಮನೆಗೇ ಪಾಠಕ್ಕೆ ಬರುತ್ತಿದ್ದವಳು. ಅಮ್ಮ ಕೊಟ್ಟ ತಿಂಡಿಯನ್ನು ಕಮಾನು ಹಿಡಿದ ಕೈಯಲ್ಲೇ ತಿಂದು, ಕಮಾನಿನ ಕಡ್ಡಿಗೆಲ್ಲ ಎಣ್ಣೆ ಮೆತ್ತಿ ಬೈಸಿಕೊಂಡವಳು. ಗೋಡೆಯಾಚೆಯಿಂದ ಬರುತ್ತಿದ್ದದ್ದು ಇವತ್ತಿನ ಪರೀಕ್ಷೆಯ ಒಂಟಿ ತುಣುಕು, ನಿಧಾನವಾಗಿ ಮೆಟ್ಟಿಲು ಹತ್ತುವಂತೆ ಏರುವ ಸ್ವರಗಳು, ಕೊನೆಯ ಮೆಟ್ಟಿಲಿಗೆ ಮುಂಚೆ ಒಂದು ಕೂದಲೆಳೆಯಷ್ಟು ತಡ. ಅಲ್ಲಿ ಯಾರೋ ಬಾಗಿಲು ತಟ್ಟಲೋ ಬೇಡವೋ ಎಂದು ಕೈ ಎತ್ತಿ ನಿಂತಂತೆ. ಹೋದ ವಾರವಷ್ಟೇ ಕಡ್ಡಿ ಫೋನು ಮಾಡಿದ್ದಳು.

‘ಅಕ್ಕ, ಆ ಮೇಲಿನ ಸ್ವರಕ್ಕೆ ಹೋಗೋ ಮುಂಚೆ ನೀವು ಹೇಳಿಕೊಟ್ಟ ಹಾಗೆ ತಡೆದು ಹೋಗ್ಲಾ, ಅಥವಾ ನೇರ ಹೋಗ್ಲಾ?’

‘ನೇರ ಹೋಗು. ಆ ತಡ ಎಲ್ಲ ಕಮಿಟಿಯವರಿಗೆ ಹಿಡಿಸಲ್ಲ.’

‘ಹೌದಾ ಅಕ್ಕ? ಅದಿಲ್ದೆ ಅದು ಬೋಳುಬೋಳು ಅನಿಸುತ್ತಪ್ಪ.’

‘ನಿಂಗಿಷ್ಟ ಬಂದ ಹಾಗೆ ಮಾಡು. ಕೇಳಿದೆ, ಹೇಳಿದೆ.’

ಫೋನಿಟ್ಟ ಮೇಲೆ ಅವಳು ಆ ಮಾತನ್ನು ಬೆಳಕಿಗೆ ಹಿಡಿದು ಹಿಂದೆಮುಂದೆ ತಿರುಗಿಸಿ ನೋಡಿದ್ದಳು. ನಿಜವಾದ ಸಲಹೆಯೇ? ಕಮಿಟಿಯವರು ಅಂಥದನ್ನು ಇಷ್ಟಪಡುವುದಿಲ್ಲ ಎಂಬುದು ಎಲ್ಲರೂ ಹೇಳುವ ಮಾತೇ. ಅಥವಾ ಹುಡುಗಿಯ ಕೈಯಿಂದ ಒಂದು ಒಳ್ಳೆಯ ವಸ್ತುವನ್ನು ಮೆಲ್ಲಗೆ ಕಿತ್ತುಕೊಳ್ಳುವ ಹುನ್ನಾರವೇ? ಒಳ್ಳೆಯ ಸಲಹೆಯಾಗಿದ್ದರೆ ಕಿವಿ ಯಾಕೆ ಬಿಸಿಯಾಯಿತು? ಈಗ ಗೋಡೆಯಾಚೆ ಕಡ್ಡಿ ತಡೆಯುತ್ತಿದ್ದಳು, ಮತ್ತೆ ಮತ್ತೆ, ಪ್ರತಿ ಸಲವೂ ತುಸು ಬೇರೆ ಥರ. ಸಲಹೆ ಕೇಳಲಿಲ್ಲವಲ್ಲ ಎಂದು ಸಿಟ್ಟು ಬರಬೇಕಾದ ಜಾಗದಲ್ಲಿ ಹಗುರವಾಯಿತು. ಹಗುರವಾದ ಮರುಗಳಿಗೆಗೆ ಸಿಟ್ಟೂ ಬಂತು.

ತಾನೂ ನುಡಿಸಿ ನೋಡಿದಳು. ಸ್ವರಗಳು ಸರಿಯಾಗಿದ್ದವು, ಒಂದೂ ಶ್ರುತಿ ತಪ್ಪಿರಲಿಲ್ಲ. ಒಳಗಿನ ಕುರ್ಚಿಯವರು ಹೊರಗಿನವರ ಕಮಾನನ್ನು ಕಣ್ಣಂಚಿನಲ್ಲಿ ನೋಡುತ್ತ ಅದೇ ಉದ್ದ, ಅದೇ ಒತ್ತು, ಅದೇ ದಿಕ್ಕು ಹಿಡಿಯಬೇಕು. ಎರಡು ಚೆಲ್ಲೋ ಒಂದೇ ಆಗಿ ಕೇಳಬೇಕು, ಅಂದರೆ ಒಂದು ಕೇಳಬಾರದು. ಮೇಲಿನ ಸ್ವರಕ್ಕೆ ಮುಂಚೆ ಅವಳ ಕೈ ತಡೆಯಲೇ ಇಲ್ಲ, ನೇರ ಹೋಯಿತು. ಯಜಮಾನರು ನೇರ ಹೋಗುತ್ತಾರೆ. ತಡೆಯಬೇಕೆಂದು ಇನ್ನೊಮ್ಮೆ ನುಡಿಸಿದಳು. ಬೇಕೆಂದೇ ತಡೆದದ್ದು ಗೊತ್ತಾಗುವಂತಿತ್ತು, ನೆಂಟರ ಮುಂದೆ ನಾಚುವ ನಾಟಕ ಮಾಡುವ ಮಗುವಿನ ಹಾಗೆ. ಆ ತಡವನ್ನು ತಾನೇ ಯಾವತ್ತೋ ಕಂಡುಕೊಂಡದ್ದೆಂದು ಅವಳಿಗೆ ಗೊತ್ತಿತ್ತು, ಹಳೆ ಮನೆಯ ವಿಳಾಸ ಗೊತ್ತಿರುವಂತೆ. ಹೋದರೆ ಅಲ್ಲಿ ಬೇರೆಯವರಿರುತ್ತಾರೆ.

ಪಕ್ಕದ ಕೋಣೆ ಖಾಲಿಯಾಗಿ ತುಂಬ ಹೊತ್ತಾದ ಮೇಲೆ, ಬಾಗಿಲು ತಟ್ಟಿ ಆಫೀಸಿನ ಹೆಂಗಸು, ‘ಐದು’ ಎಂದಳು.

ಕಂಬಳಿಯ ಮೇಲೆ ಕಾಲು ಹೂತುಹೋಗುತ್ತ, ಸದ್ದೇ ಇಲ್ಲದೆ ನಡೆಯುವಾಗ ತಾನು ಸತ್ತಿದ್ದೇನೆಯೇ ಎಂಬ ಹುಚ್ಚು ಯೋಚನೆ ಬಂತು. ದೊಡ್ಡ ಹಾಲಿನಲ್ಲಿ ಎಡಗಡೆಯಿಂದ ಬಲಗಡೆಯವರೆಗೆ ಕಪ್ಪು ಪರದೆ. ಈಚೆ ಒಂದು ಕುರ್ಚಿ, ಒಂದು ಸ್ಟ್ಯಾಂಡು. ಪುಟ ತಿರುಗಿಸುವ ಕೆಲಸವೇ ಇರದಂತೆ ಹಾಳೆಗಳನ್ನು ಪಕ್ಕಪಕ್ಕಕ್ಕೆ ಅಂಟಿಸಿ ಅಗಲವಾಗಿ ಹರಡಿದ್ದರು. ಆಚೆಯಿಂದ ಲೋಟ ಇಟ್ಟ ಸದ್ದು, ಯಾರೋ ಕುರ್ಚಿಯಲ್ಲಿ ಹೊರಳಿದ ಸದ್ದು. ಆ ಹೊರಳುವಿಕೆ ಯಜಮಾನರದು ಎಂದು ಅವಳಿಗೆ ತಕ್ಷಣ ತಿಳಿಯಿತು. ಸೊಂಟನೋವಿಗೆ ಎಡಕ್ಕೆ ಒರಗುತ್ತಾರೆ. ಅವರನ್ನು ಅವರ ಕುರ್ಚಿಯ ಕಿರಗುಟ್ಟುವಿಕೆಯಿಂದ ಗುರುತಿಸುವ ತನ್ನನ್ನು ಅವರು ಒಂದು ಸ್ವರದಲ್ಲಿ ಗುರುತಿಸಲಾರರೇ?

ಮೊದಲ ತುಣುಕು ಹೇಗೆ ಮುಗಿಯಿತೋ ತಿಳಿಯಲಿಲ್ಲ. ಎರಡನೆಯದು ವೇಗದ್ದು, ಎಲ್ಲ ಚೆಲ್ಲೋಗಳೂ ಸೇರಿ ಗುಡುಗುತ್ತ ಓಡುವಂಥದ್ದು, ಕಛೇರಿಗಳಲ್ಲಿ ಎಷ್ಟು ಸಲ ನುಡಿಸಿದ್ದಾಳೋ. ಈ ಸಲ ಕೈ ತಾನಾಗಿ ಓಡತೊಡಗಿತು. ಹಾಲಿನ ತುಂಬ ಒಂದೇ ಚೆಲ್ಲೋ, ತನ್ನದು. ಅದರ ದನಿ ಗೋಡೆಗೆ ಹೋಗಿ ಮರಳಿ ಬರುತ್ತಿತ್ತು, ಬಂದದ್ದು ಇಷ್ಟವಾಗುತ್ತಿತ್ತು. ಮೈ ಬೆಚ್ಚಗಾಯಿತು. ಇದೇ, ಇದೇ, ಎನ್ನುತ್ತಿರುವಂತೆಯೇ ದನಿ ನಿಂತುಹೋಯಿತು.

ನಿಲ್ಲಿಸಿದ್ದು ಅವಳೇ. ಕಮಾನು ಎಡಗೈಗೆ ಬಂದಿತ್ತು, ಬಲಗೈ ಸ್ಟ್ಯಾಂಡಿನ ಕಡೆ ಚಾಚಿತ್ತು, ಹೆಬ್ಬೆರಳು ತೋರುಬೆರಳು ಕೂಡಿಕೊಂಡು ಹಾಳೆಯ ಕೆಳತುದಿಯನ್ನು ಹುಡುಕುತ್ತಿದ್ದವು. ತಿರುಗಿಸಲು ಪುಟವಿರಲಿಲ್ಲ. ಎಲ್ಲ ಸ್ವರಗಳೂ ಎದುರಿಗೇ ಹರಡಿಕೊಂಡು ಅವಳನ್ನು ನೋಡುತ್ತಿದ್ದವು. ಆರ್ಕೆಸ್ಟ್ರಾದ ಪುಸ್ತಕದಲ್ಲಿ ಪುಟ ಮುಗಿಯುವುದು ಇಲ್ಲಿಯೇ, ಈ ಓಟದ ನಟ್ಟನಡುವೆ. ಇಲ್ಲಿಂದ ಮುಂದಿನ ಒಂದಿಷ್ಟು ಸ್ವರಗಳನ್ನು ತಾನು ಯಾವ ಕಛೇರಿಯಲ್ಲೂ ನುಡಿಸಿಲ್ಲ ಎಂಬುದು ಚಾಚಿದ ಕೈ ಚಾಚಿಯೇ ಇರುವಾಗ ಅವಳಿಗೆ ಹೊಳೆಯಿತು. ಆ ಜಾಗದಲ್ಲಿ ಯಾವಾಗಲೂ ಬೇರೊಬ್ಬರು ನುಡಿಸುತ್ತಿದ್ದರು. ಮರಳಿ ಹಿಡಿಯುವ ಹೊತ್ತಿಗೆ ಓಟ ಮುಂದೆ ಹೋಗಿತ್ತು. ಓಡುವ ಬಸ್ಸನ್ನು ಹತ್ತಿದಂತೆ ಹತ್ತಿದಳು, ಮುಗಿಸಿದಳು.

ಪರದೆಯಾಚೆ ಯಾರೂ ಅಲುಗಲಿಲ್ಲ. ಆಯಿತು, ಎಂದುಕೊಂಡಳು. ಹೆಸರು ಕೂಗಿ ಹೇಳಿದ್ದರೂ ಇಷ್ಟು ಸ್ಪಷ್ಟವಾಗಿ ಗೊತ್ತಾಗುತ್ತಿರಲಿಲ್ಲ. ಇಡೀ ಊರಿನಲ್ಲಿ, ಇಡೀ ಲೋಕದಲ್ಲಿ, ಸರಿಯಾಗಿ ಅಲ್ಲಿ ನಿಲ್ಲುವವಳು ಅವಳೊಬ್ಬಳೇ. ಮುಖ ಸುಡತೊಡಗಿತು. ಒಂದು ಗಂಡು ದನಿ ಏನೋ ಕೇಳಿತು, ಇನ್ನೊಂದು ಗೊಣಗಿತು. ಆಫೀಸಿನ ಹೆಂಗಸು ಪರದೆಯ ಮಗ್ಗುಲಿಗೆ ಹೋಗಿ ಬಂದು, ಗೋಡೆಗೆ ಹೇಳುವಂತೆ ಹೇಳಿದಳು: ‘ಐದನೇ ನಂಬರು ಎರಡನೇದನ್ನ ಇನ್ನೊಂದು ಸಲ ನುಡಿಸಬೇಕಂತೆ.’

ಕರುಣೆ. ಯಜಮಾನರ ಕರುಣೆ. ‘ನಮ್ಮ ಹುಡುಗಿ, ಪಾಪ, ಇನ್ನೊಂದು ಚಾನ್ಸ್ ಕೊಡಿ’ ಎಂದಿರುತ್ತಾರೆ. ಎದ್ದು ಹೋಗಿಬಿಡಬೇಕೆನಿಸಿತು, ಎದ್ದು ಹೋಗುವುದಕ್ಕೆ ಧೈರ್ಯ ಬೇಕು, ಕೂತು ನುಡಿಸುವುದಕ್ಕೆ ಬರೀ ಅಭ್ಯಾಸ ಸಾಕು. ನುಡಿಸಿದಳು. ಆ ಜಾಗ ಬಂದಾಗ ಹಲ್ಲು ಕಚ್ಚಿದಳು, ಕಮಾನು ಬಿಡಲಿಲ್ಲ. ಕೇಳಿದ ಸ್ವರಗಳು ಗುರುತಿನವರ ಮನೆಯಲ್ಲಿ ಎದುರಾದ ಅಪರಿಚಿತರ ಹಾಗಿದ್ದವು. ತಪ್ಪಿರಲಿಲ್ಲ. ತನ್ನವೂ ಆಗಿರಲಿಲ್ಲ.

ನುಡಿಸಿ ಮುಗಿಸಿದವರು ಫಲಿತಾಂಶಕ್ಕೆ ಕಾಯುವುದು ಕಾರಿಡಾರಿನ ತುದಿಯ ಬೆಂಚುಗಳಲ್ಲಿ. ಮೂವರು ಹೊರಗಿನ ಊರಿನವರು, ದೂರದೂರ ಕೂತು ಫೋನು ನೋಡುತ್ತಿದ್ದರು. ಕಡ್ಡಿ ಕಾಣಲಿಲ್ಲ, ಬಚ್ಚಲಿನಲ್ಲಿದ್ದಳೋ ಏನೋ. ತಾನು ಕಾಫಿ ಯಂತ್ರದ ಪಕ್ಕ ನಿಂತು, ಕಾಫಿ ಬೇಕೋ ಚಹಾ ಬೇಕೋ ತೀರ್ಮಾನವಾಗದೆ, ಎರಡು ಗುಂಡಿಗಳ ನಡುವೆ ಬೆರಳಿಟ್ಟುಕೊಂಡಿದ್ದಳು. ಸಭಾಂಗಣದ ಸಣ್ಣ ಬಾಗಿಲು ತೆರೆದು ಯಜಮಾನರು ಬಂದರು. ಆಚೆ ಈಚೆ ನೋಡಿ, ಕಂಬದ ಮರೆಗೆ ಬಾ ಎಂದು ಸನ್ನೆ ಮಾಡಿದರು. ಆಯ್ಕೆಯವರು ಹೀಗೆ ಮಾತಾಡುವ ಹಾಗಿಲ್ಲ. ಬೈಯಲು ಬಂದಿದ್ದಾರೆ, ಎಂದುಕೊಂಡಳು. ಸಮಾಧಾನ ಹೇಳಲು ಬಂದಿದ್ದರೆ ಇನ್ನೂ ಕೆಟ್ಟದು.

‘ಕೇಳಬಾರದು, ಗೊತ್ತು’ ಎಂದರು ಪಿಸುಮಾತಿನಲ್ಲಿ. ‘ಎರಡು, ಐದು, ಇಬ್ಬರಿಗೂ ಸಮಸಮ ಓಟು ಬಂದು ಕೂತಿದೆ. ನನ್ನದೊಂದು ಬಾಕಿ. ನಾನು ಕಾಲು ಮರಗಟ್ಟಿದೆ ಅಂತ ನೆಪ ಹೇಳಿ ಎದ್ದು ಬಂದೆ.’

ಅವಳು ತಲೆಯಾಡಿಸಿದಳು. ಯಾಕೆ ತಲೆಯಾಡಿಸಿದೆನೋ ತಿಳಿಯಲಿಲ್ಲ.

‘ಐದು ಒಳ್ಳೇ ಕೈ. ಇಲ್ಲ ಅನ್ನಲ್ಲ. ಯಾರೋ ಹೊರಗಿನವರು, ಪಾಪ, ನಡುವೆ ಗಾಬರಿಯಾಗಿ ನಿಂತುಬಿಟ್ಟರು. ಹಾಳೆ ಬಿತ್ತೇನೋ ಅಂತ ನಮ್ಮ ತುತ್ತೂರಿಯವನು ಇನ್ನೊಂದು ಸಲ ನುಡಿಸಲಿ ಅಂದ. ಆದರೆ ಐದನ್ನ ಕೇಳ್ತಿದ್ರೆ ನನ್ನದೇ ರೆಕಾರ್ಡು ಹಾಕಿದ ಹಾಗಿತ್ತು ಕಣೇ. ನನ್ನ ಕಮಾನು, ನನ್ನ ಅವಸರ, ನನ್ನ ಕೆಟ್ಟ ಚಾಳಿಗಳೂ ಕೂಡ. ನಾನು ಹೋಗ್ತಿರುವಾಗ ಇನ್ನೊಂದು ನಾನು ಯಾಕೆ ಬೇಕು ಇವರಿಗೆ?’

ಅವಳ ಕಿವಿಯಲ್ಲಿ ಗುಂಯ್ ಎಂದಿತು. ಯಾರೋ ಹೊರಗಿನವರು. ಅವರಿಗೆ ಗೊತ್ತಾಗಲಿಲ್ಲ. ಸರಿಯಾಗಿ ಆ ಜಾಗದಲ್ಲಿ ತಾನು ನಿಲ್ಲುತ್ತೇನೆ, ಪ್ರತಿ ಕಛೇರಿಯಲ್ಲೂ ನಿಂತಿದ್ದೇನೆ, ಎಂಬುದು ಅವರಿಗೆ ಗೊತ್ತೇ ಇರಲಿಲ್ಲ. ಹೇಗೆ ಗೊತ್ತಿರಬೇಕು? ಆಗ ಅವರು ನುಡಿಸುತ್ತಿರುತ್ತಿದ್ದರು. ಪುಟ ತಿರುಗುತ್ತಿತ್ತು, ಗಾಳಿಗೆ ತಿರುಗಿದಂತೆ. ನಗು ಬರಬಹುದೆಂದು ಕಾದಳು. ಬರಲಿಲ್ಲ.

‘ಆದರೆ ಎರಡು!’ ಯಜಮಾನರ ಮುಖ ಬದಲಾಯಿತು. ಅವರ ಕಣ್ಣಲ್ಲಿ ನೀರಿತ್ತು. ವಯಸ್ಸಾದ ಕಣ್ಣು, ಯಾವಾಗಲೂ ಸ್ವಲ್ಪ ಒದ್ದೆ, ಆದರೆ ಇದು ಅದಲ್ಲ. ‘ಆ ಮೇಲಿನ ಸ್ವರಕ್ಕೆ ಮುಂಚೆ ಒಂಚೂರು ತಡೀತಲ್ಲ... ನಂಗೆ ಮೈ ಜುಂ ಅಂತು. ನೀನು ಮೊದಲು ಇಲ್ಲಿಗೆ ಬಂದಾಗ ಹಾಗೇ ನುಡಿಸಿದ್ದೆ, ನೆನಪಿದೆಯಾ? ನಾನವತ್ತು ಮನೆಗೆ ಹೋಗಿ ನನ್ನ ಹೆಂಡತಿಗೆ ಹೇಳಿದೀನಿ, ಒಬ್ಬಳು ಬಂದಿದಾಳೆ ಕಣೇ, ಇನ್ನು ನಾನು ಹುಷಾರಾಗಿರಬೇಕು ಅಂತ. ಆಮೇಲೆ ಅದು ಎಲ್ಲಿ ಹೋಯ್ತು ನಿನ್ನ ಹತ್ರ? ನನ್ನ ಪಕ್ಕ ಕೂತು ಹಾಳಾಗಿ ಹೋದೆ ಅಂದ್ಕೊಂಡಿದ್ದೆ. ಎಷ್ಟು ಸಲ ನನಗೇ ಪಾಪಪ್ರಜ್ಞೆ ಬಂದಿದೆ ಗೊತ್ತಾ? ಇವತ್ತು ಕೇಳಿದೆ, ಇಲ್ಲ, ಇದೆ, ಎಲ್ಲೋ ಬಚ್ಚಿಟ್ಟಿದ್ದಾಳೆ ಕಳ್ಳಿ! ಆ ಒಂದು ತಡ ಸಾಕು, ಅದರಲ್ಲಿ ಎಲ್ಲಾ ಇತ್ತು.’

ಅವರು ಹೇಳುತ್ತಲೇ ಇದ್ದರು. ಈವರೆಗೆ ಅವರು ಅವಳ ನುಡಿಸುವಿಕೆಯ ಬಗ್ಗೆ ಆಡಿದ ಮಾತುಗಳನ್ನೆಲ್ಲ ಸೇರಿಸಿದರೂ ಇಷ್ಟಾಗುತ್ತಿರಲಿಲ್ಲ. ‘ಕಮಾನು ಸ್ವಲ್ಪ ಕಡಿಮೆ’, ‘ಪುಟ ಬೇಗ’, ‘ಥ್ಯಾಂಕ್ಸ್’ ಅಷ್ಟೇ ಅವರ ಭಾಷೆ. ಅವಳು ಕಂಬಕ್ಕೆ ಬೆನ್ನು ಒತ್ತಿ ನಿಂತಳು. ಸರ್, ಅದು ನಾನಲ್ಲ, ಎನ್ನಬೇಕಿತ್ತು. ಎಷ್ಟು ಸುಲಭದ ವಾಕ್ಯ, ಮೂರು ಪದ. ನಾನು ಐದು ಎಂದರೆ ಸಾಕು, ಅವರು ಒಳಗೆ ಹೋಗಿ ಐದಕ್ಕೇ ಓಟು ಹಾಕುತ್ತಾರೆ. ಅದೇ ಮನಸ್ಸಿನಿಂದ ಎದ್ದು ಬಂದಿದ್ದಾರೆ, ಬೇಕಿರುವುದು ನಂಬರು ಮಾತ್ರ. ಕುರ್ಚಿ ತನ್ನದಾಗುತ್ತದೆ. ಆದರೆ ಹಾಗೆಂದ ತಕ್ಷಣ ಈ ಮಾತು ನಿಲ್ಲುತ್ತದೆ. ಈ ಒದ್ದೆ ಕಣ್ಣು ಕಕ್ಕಾಬಿಕ್ಕಿಯಾಗುತ್ತದೆ, ‘ಓ’ ಎನ್ನುತ್ತಾರೆ, ‘ಇರಲಿ ಇರಲಿ, ಅದೂ ಚೆನ್ನಾಗಿತ್ತು’ ಎನ್ನುತ್ತಾರೆ. ಅವರು ಹೊಗಳುತ್ತಿದ್ದದ್ದು ಅವಳನ್ನು. ಹೊಗಳುತ್ತಿದ್ದದ್ದು ಕಡ್ಡಿಯನ್ನು. ಯಾವತ್ತೋ ಒಂದು ದಿನ ಆ ಹಾಲಿಗೆ ನಡೆದು ಬಂದಿದ್ದ, ಈಗ ಬೀದಿಯಲ್ಲಿ ಎದುರಾದರೂ ತಾನೇ ಗುರುತು ಹಿಡಿಯಲಾರದ ಒಬ್ಬ ಹುಡುಗಿಯನ್ನು. ಹೋದ ವಾರ ತಾನು ಫೋನಿನಲ್ಲಿ ಅಳಿಸಿಹಾಕಲು ನೋಡಿದ್ದನ್ನು.

‘ಒಂದು ಮಾತು ಹೇಳು, ಹೋಗ್ತೀನಿ. ಎರಡು ನೀನೇ ತಾನೆ?’

ಇನ್ನೂ ಸ್ವಲ್ಪ ಹೇಳಲಿ ಎಂದಷ್ಟೇ ಅವಳಿಗಿತ್ತು. ಇನ್ನೊಂದು ವಾಕ್ಯ. ತ್ಯಾಗವಾಗಲಿ ನ್ಯಾಯವಾಗಲಿ ಅವಳ ತಲೆಯಲ್ಲಿ ಆಗ ಇರಲಿಲ್ಲ. ಆಮೇಲೆ ಎಷ್ಟು ಹುಡುಕಿದರೂ ಸಿಗಲಿಲ್ಲ.

‘ಹೌದು ಸರ್’ ಎಂದಳು. ‘ನಾನೇ.’

‘ನಂಗೊತ್ತಿತ್ತು!’ ಅವರು ಅವಳ ಭುಜ ತಟ್ಟಿ, ಕಾಲು ಮರಗಟ್ಟಿದೆಯೆಂಬುದನ್ನು ಮರೆತು ಚುರುಕಾಗಿ ಒಳಗೆ ಹೋದರು.

ಬಾಗಿಲು ಮುಚ್ಚಿಕೊಂಡ ಮೇಲೆ ಅವಳಿಗೆ ಏನಾಯಿತೆಂದು ನಿಧಾನವಾಗಿ ಅರ್ಥವಾಗತೊಡಗಿತು, ಬಿಸಿಪಾತ್ರೆ ಮುಟ್ಟಿದ ಮೇಲೆ ಕೊಂಚ ತಡವಾಗಿ ನೋವು ಬರುವಂತೆ. ಕೂಗಬಹುದಿತ್ತು. ಬಾಗಿಲಿಗೆ ಹೋಗಿ ಬಡಿಯಬಹುದಿತ್ತು. ಬಡಿದು ಏನೆನ್ನುವುದು? ನಾನು ನಾನಲ್ಲ, ಎಂದೇ? ಕಡ್ಡಿ ಎಲ್ಲಿಂದಲೋ ಬಂದು ಬೆಂಚಿನ ತುದಿಯಲ್ಲಿ ಕೂತು, ಮುಖ ತೊಳೆದ ನೀರು ಒರೆಸಿಕೊಳ್ಳದೆ, ‘ಅಕ್ಕ, ನೀವು ನೇರ ಹೋಗು ಅಂದಿದ್ರಿ, ನಾನು ಹಟ ಮಾಡಿ ತಡೆದೆ. ಬೈಬೇಡಿ’ ಎಂದಳು.

‘ಮುಖ ಒರೆಸ್ಕೋ’ ಎಂದಳು ಅವಳು. ಕರವಸ್ತ್ರ ಕೊಟ್ಟಳು. ಕಡ್ಡಿ ಅದನ್ನು ಮುದುಡಿ ಹಿಡಿದುಕೊಂಡು, ಒರೆಸಿಕೊಳ್ಳುವುದನ್ನೇ ಮರೆತಳು.

ದೊಡ್ಡ ಬಾಗಿಲು ತೆರೆಯಿತು. ಆಫೀಸಿನ ಹೆಂಗಸು ಕನ್ನಡಕ ಏರಿಸಿಕೊಂಡು, ‘ಎರಡನೇ ನಂಬರು’ ಎಂದಳು. ಆಕೆಯ ಹಿಂದಿನಿಂದಲೇ ಯಜಮಾನರು, ಇನ್ನು ಮುಚ್ಚಿಡುವುದೇನೂ ಇಲ್ಲವೆಂಬ ಹಿಗ್ಗಿನಲ್ಲಿ, ಕೈ ಮುಂದೆ ಚಾಚಿಕೊಂಡು ನೇರ ಅವಳ ಕಡೆಗೇ ನಡೆದು ಬಂದರು. ಬೆಂಚಿನ ತುದಿಯಲ್ಲಿ ಕಡ್ಡಿ ಎದ್ದು ನಿಂತಳು. ಒದ್ದೆ ಮುಖ, ಕೈಯಲ್ಲಿ ಮುದುಡಿದ ಕರವಸ್ತ್ರ, ಬಾಯಿ ಅರ್ಧ ತೆರೆದಿತ್ತು. ಯಜಮಾನರ ನಡಿಗೆ ನಿಧಾನವಾಯಿತು. ಅವರು ಕಡ್ಡಿಯನ್ನು ನೋಡಿದರು, ಅವಳನ್ನು ನೋಡಿದರು, ಮತ್ತೆ ಕಡ್ಡಿಯನ್ನು. ಚಾಚಿದ ಕೈ ಗಾಳಿಯಲ್ಲಿ ಹಾಗೇ ನಿಂತಿತ್ತು. ಹಿಂದಕ್ಕೆ ಹೋಗುವುದೋ, ಪಕ್ಕಕ್ಕೆ ತಿರುಗುವುದೋ ಅದಕ್ಕೂ ತಿಳಿಯದಂತೆ. ಅವಳು ಎರಡು ಹೆಜ್ಜೆ ಮುಂದೆ ಬಂದು ಆ ಕೈಯನ್ನು ಹಿಡಿದುಕೊಂಡಳು. ತಂತಿ ಒತ್ತಿ ಒತ್ತಿ ಜಡ್ಡುಗಟ್ಟಿದ್ದು ಇನ್ನೊಂದು ಕೈ. ಇದು ಮೆತ್ತಗಿತ್ತು, ಬೆಚ್ಚಗಿತ್ತು. ಅದನ್ನು ಅವಳು ಈ ಮೊದಲು ಒಮ್ಮೆಯೂ ಮುಟ್ಟಿರಲಿಲ್ಲ.

‘ಥ್ಯಾಂಕ್ಸ್ ಸರ್’ ಎಂದಳು.